ಎಡಗೈಗೆ?

ವಾಲ್ಪರೈಸೊ ನೆಟ್ಟಗೆ ನಿಂತ ಊರಲ್ಲ,
ಗುಡ್ಡಗಳಿಗೆ ಒರಗಿಕೊಂಡಿದೆ, ಮೆಟ್ಟಿಲುಗಳನ್ನು ನಂಬಿ.
ಗ್ಯಾಸಿನ ಸಿಲಿಂಡರು ಮನೆ ಸೇರುವುದು ಮನುಷ್ಯರ ಕೈಯಲ್ಲಿ.
ಹೊರಲು ಏನಾದರೊಂದು ಮಾಡಿ, ಅಂದರು ಓಯಾರ್ಸುನ್ ಮೇಷ್ಟ್ರು,
ಮೂರು ವಾರ. ಅಂಕ ನಾನು ಕೊಡುವುದಿಲ್ಲ,
ನೀವೇ ಒಬ್ಬರಿಗೊಬ್ಬರು ಕೊಟ್ಟುಕೊಳ್ಳಿ.

ಪರದೆಯ ಮೇಲೆ ನಮಗೆ ಹೆಸರಿಲ್ಲ.
ನಾನು ಒಂಬತ್ತು.
ಮೂರು ಮಂದಿಯ ಕೆಲಸ ನನ್ನ ಪಾಲಿಗೆ,
ನನ್ನದು ಮೂರು ಮಂದಿಯ ಪಾಲಿಗೆ;
ಒಂದರಿಂದ ಏಳು, ನಾಲ್ಕಾದರೆ ಪಾಸು.
'ಚಂದ ಇದೆ' ಎಂದಷ್ಟೇ ಬರೆದರೆ ಪರದೆ ಹಿಂದಕ್ಕೆ ತಳ್ಳುತ್ತದೆ:
ಯಾವುದು? ಎಲ್ಲಿ? ಯಾರಿಗೆ?

ಲೆಂಗಾ ಮರದ ತುಂಡಿನಲ್ಲಿ ಹಿಡಿಕೆ ಕೆತ್ತಿದ್ದೆ,
ನಾಲ್ಕು ಬೆರಳಿಗೆ ನಾಲ್ಕು ಹಳ್ಳ, ಹೆಬ್ಬೆರಳಿಗೊಂದು ತಗ್ಗು,
ನನ್ನ ಅಂಗೈಯೇ ಮರದೊಳಗೆ ಮಲಗಿ
ಎದ್ದುಹೋದ ಹಾಗೆ.

ಭಾನುವಾರ ರಾತ್ರಿ ಬಂದವು.
ಆರು. ನಯಗಾರಿಕೆ ಮೆಚ್ಚಿದೆ.
ಐದೂವರೆ. ತೂಕ ತುಸು ಹೆಚ್ಚಾಯಿತು.
ಮೂರು.
ಅದರ ಕೆಳಗೆ ಒಂದೇ ಪದ:
ಎಡಗೈಗೆ?
ಇಷ್ಟು ಚಿಕ್ಕದನ್ನು ಪರದೆ ಹೇಗೆ ಒಪ್ಪಿತೋ!

ಬೆಳಗಿನ ತನಕ ಬೈದೆ. ಮುಖವಿಲ್ಲದವರನ್ನು ಬೈಯುವುದು ಕಷ್ಟ,
ಬೈಗುಳ ಗೋಡೆಗೆ ಬಡಿದು ನನ್ನ ಮಂಚಕ್ಕೇ ಬರುತ್ತದೆ.
ಸೋಮವಾರ ಹೊರಟೆ ಪತ್ತೇದಾರಿಕೆಗೆ:
ಇಪ್ಪತ್ತನಾಲ್ಕು ಮಂದಿಯಲ್ಲಿ ಎಡಚರು ಯಾರು?

ಬಾಲ್ದೊಮೆರೊನ ಕೈ: ಉಗುರು ಕಚ್ಚಿ ಕಚ್ಚಿ ತುದಿ ಕೆಂಪು,
ಪೆನ್ಸಿಲು ಬಲಕ್ಕೆ, ಬ್ರೆಡ್ಡು ಮುರಿಯಲು ಎರಡೂ.
ಯಾಸ್ನಾಳ ಅಂಗೈ ಎಷ್ಟು ಸಣ್ಣದೆಂದರೆ
ನನ್ನ ಹಳ್ಳಗಳಲ್ಲಿ ಅವಳ ಬೆರಳು ಕೂರುವುದಿಲ್ಲ,
ದಿಬ್ಬಗಳ ಮೇಲೆ ಕೂರುತ್ತದೆ.
ಎಲಿಯೆಸೆರನದು ಸದಾ ಬೆವರುತ್ತದೆ; ನಯಗಾರಿಕೆ ಅವನಿಗೆ ಜಾರುಬಂಡೆ.
ಮೇಷ್ಟ್ರ ತೋರುಬೆರಳು ಅರ್ಧವೇ ಇದೆ.
ಎರಡು ವರ್ಷ ಎದುರಿಗೆ ಕೂತಿದ್ದೆ, ಕಂಡಿರಲಿಲ್ಲ.

ಸಂಜೆ ನಮ್ಮ ಗುಡ್ಡದ ಮೆಟ್ಟಿಲಲ್ಲಿ
ಸಿಲಿಂಡರು ಹೊತ್ತು ದೋನ್ ಎರಾಸ್ಮೊ ಬರುತ್ತಿದ್ದರು.
ಅರುವತ್ತನೆಯದರಲ್ಲಿ ನಿಂತು ಕೈ ಬದಲಿಸಿದರು.
ಬಲ ಸೋತರೆ ಎಡ. ಎಡ ಸೋತರೆ ಮತ್ತೆ ಬಲ.
ನಾನು ಅಲ್ಲೇ ಕೂತುಬಿಟ್ಟೆ.
ಬೀದಿನಾಯಿಯೊಂದು ಸರಿದು ಜಾಗ ಕೊಟ್ಟಿತು.

ರಾತ್ರಿ ನನ್ನ ಪಾಲಿನ ಹದಿನೇಳನ್ನು ತೆರೆದೆ.
ಮೊನ್ನೆಯೇ ಗೀಚಿಟ್ಟಿದ್ದೆ: ಪಟ್ಟಿಯ ನೇಯ್ಗೆ ಸೊಗಸು, ಬಣ್ಣ ಸೊಗಸು, ಆರು.
ಅಳಿಸಿದೆ.
ಬಕಲು ಬಿಚ್ಚಲು ಎರಡು ಕೈ ಬೇಕು;
ಅಷ್ಟು ಹೊತ್ತು ಸಿಲಿಂಡರನ್ನು ಹಿಡಿಯುವವರು ಯಾರು?
ಬರೆಯುವಾಗ ಕೈ ತಡೆಯಿತು:
ಇನ್ನೊಂದು ಗುಡ್ಡದ ಇನ್ನೊಂದು ಮಂಚದಲ್ಲಿ
ಬೆಳಗಿನ ತನಕ ನನ್ನನ್ನು ಬೈಯುತ್ತಾರೆ.
ಬೈಯಲಿ. ನಾಲ್ಕು ಕೊಟ್ಟೆ.
ಆಮೇಲೆ ನಾಲ್ಕೂವರೆ.

ಹಳ್ಳಗಳನ್ನು ಉಜ್ಜಿ ತೆಗೆದೆ.
ನನ್ನ ಕೈಯ ಗುರುತು ಪುಡಿಯಾಗಿ ಮೇಜಿನ ಮೇಲೆ ಬಿತ್ತು.
ಉಳಿದದ್ದು ಹಗ್ಗ ಸುತ್ತಿದ ಒಂದು ದುಂಡು ಕೋಲು,
ನೋಡಲು ಏನೇನೂ ಇಲ್ಲ.
ಯಾಸ್ನಾ ಹಿಡಿದಳು. ಎಲಿಯೆಸೆರ್ ಹಿಡಿದ.
ದೋನ್ ಎರಾಸ್ಮೊ ಹಿಡಿದರು, ನಿಲ್ಲದೆ ಕೈ ಬದಲಿಸಿದರು,
ಏನೂ ಹೇಳಲಿಲ್ಲ, ಹತ್ತಿಹೋದರು.

ಎಡಚರು ಸಿಗಲಿಲ್ಲ.
ತರಗತಿಯಲ್ಲಿ ಒಬ್ಬರೂ ಇಲ್ಲ.
ತಮ್ಮದಲ್ಲದ ಕೈಯ ಪರವಾಗಿ ಯಾರೋ ಕೇಳಿದ್ದರು.

ಕೊನೆಯ ದಿನ ಬಾಗಿಲ ಬಳಿ ಬಾಲ್ದೊಮೆರೊ
ಹೆಗಲ ಪಟ್ಟಿಯ ಹೊಸ ಬಕಲನ್ನು
ಒಂದೇ ಕೈಯಲ್ಲಿ ಟಕ್ಕೆಂದು ಬಿಚ್ಚಿದ.
ಯಾವ ಪುಣ್ಯಾತ್ಮನೋ ನಾಲ್ಕೂವರೆ ಕೊಟ್ಟಿದ್ದ, ಅಂದ.
ನಾಲ್ಕು ಅರ್ಥವಾಯಿತು.
ಆ ಅರ್ಧ ಯಾಕೆ ಅಂತ ಗೊತ್ತಾಗಲಿಲ್ಲ.