ಕಾಲು ಸುತ್ತು

ಮೀನಂಗಡಿಯ ಪಕ್ಕ, ಎರಡು ಮೆಟ್ಟಿಲಿಳಿದರೆ ಅವಳ ಅಂಗಡಿ.
ಗೋಡೆಗೊರಗಿ ನಿಂತ ಇಪ್ಪತ್ತು ಲಾಂಗ್‌ಬೋರ್ಡು,
ವಾರ್ನಿಷ್ ವಾಸನೆ, ರಬ್ಬರಿನ ವಾಸನೆ.
ಹೆಸರು ಕೇಳಲಿಲ್ಲ, ವಯಸ್ಸು ಕೇಳಲಿಲ್ಲ,
ನೊಯೆಲಿಯಾ ಕೇಳಿದ್ದು ಇಷ್ಟೇ: "ಎಲ್ಲಿಗೆ ಹೋಗಬೇಕು?"

ಎಲ್ಲಿಗೂ ಇಲ್ಲ ಮಗಳೇ.
ಪೊಸಿತೋಸಿನಿಂದ ಬುಸೆಯೋ ತನಕ, ಮತ್ತೆ ವಾಪಸು.
ನದಿ ಪಕ್ಕದಲ್ಲೇ ಇರಲಿ.

(ಮೊಂತೆವಿದೆಯೋದ ನದಿಗೆ ಆಚೆ ದಡ ಕಾಣುವುದಿಲ್ಲ.
ಮಣ್ಣುಬಣ್ಣದ ಈ ನೀರನ್ನು ನಾವು
ನದಿ ಅಂದರೂ ಸರಿ, ಕಡಲು ಅಂದರೂ ಸರಿ.)

ಮೂವತ್ತೊಂದು ವರ್ಷ ಈ ಊರಿನ ಪಿಯಾನೊಗಳ
ಹೊಟ್ಟೆಯೊಳಗೆ ತಲೆಯಿಟ್ಟು ತಂತಿ ಬಿಗಿದವಳು ನಾನು.
ಮಾರ್ಚಿಯ ಒಂದು ಸಂಜೆ, ಕಟ್ಟೆಯ ಮೇಲೆ ಕೂತು
ಮಾತೆ ಹೀರುತ್ತಿದ್ದಾಗ, ಒಬ್ಬ ಹುಡುಗ ಹಾದುಹೋದ.
ಶಾಲೆಯ ಬಿಳಿ ಅಂಗಿ, ಕೈಯೆರಡೂ ಜೇಬಿನಲ್ಲಿ.
ಚೂರೇ ಚೂರು ವಾಲಿದ,
ರಸ್ತೆ ತಿರುಗಿತು.

"ಅದಕ್ಕೆ ಕೆತ್ತೋದು ಅಂತೀವಿ," ಅಂದಳು ನೊಯೆಲಿಯಾ.
ಕೆತ್ತಿದ ಮೇಲೆ ಏನು ಉಳಿಯುತ್ತೆ?
"ಏನೂ ಇಲ್ಲ."

ಒಂದೊಂದನ್ನೇ ಬೆರಳ ಗೆಣ್ಣಿನಿಂದ ತಟ್ಟಿದೆ.
ಏಳು ಪದರದ ಮೇಪಲ್: ತುಟಿ ಬಿಗಿದ ಗುಮಾಸ್ತ,
ಕೇಳಿದ್ದಕ್ಕೆ ಮಾತ್ರ ಉತ್ತರ.
ಬಾಲ ಮೇಲೆತ್ತಿದ ಗಿಡ್ಡದ್ದು: ಬಾಗಿಲಲ್ಲೇ ಕುಣಿವ ನಾಯಿಮರಿ.
ನೆಲಕ್ಕೆ ತಗ್ಗಿದ್ದು, ಅಚ್ಚಿನ ನಡುವೆ ಜೋತದ್ದು:
"ತಳ್ಳೋಕೆ ಹಗುರ, ನಿಮ್ಮ ಮಂಡಿಗೆ ಒಳ್ಳೇದು."
ನನ್ನ ಮಂಡಿಯ ವಿಷಯ ಇವಳಿಗೆ ಯಾರು ಹೇಳಿದರು?

ಬಿದಿರಿನದು ಮಾತ್ರ ತಟ್ಟಿದ ಮೇಲೂ ತುಸು ಹೊತ್ತು ನುಡಿಯಿತು.
ಹತ್ತಿ ನಿಂತೆ. ನಡು ತಗ್ಗಿತು, ಮತ್ತೆ ಎದ್ದಿತು,
ಉಸಿರಾಡಿದ ಹಾಗೆ.
ಗಾಲಿಗೆ ಉಗುರೊತ್ತಿದರೆ ಗುರುತು ಬೀಳುವಷ್ಟು ಮೆದು;
ಕಲ್ಲುಹರಳು ಬಾಯಿಗೆ ಸಿಕ್ಕರೂ
ನುಂಗಿಕೊಂಡು ಸುಮ್ಮನಿರುತ್ತದಂತೆ.

ಆದರೂ ಅಳೆದು ಸುರಿದೆ, ಅಳೆದು ಸುರಿದೆ.
ತೇಲುತ್ತ ಹೋಗಲು ಉದ್ದದ್ದು, ಕೆತ್ತಲು ಗಿಡ್ಡದ್ದು;
ಎರಡು ದೋಣಿಯ ಮೇಲೆ ಕಾಲಿಟ್ಟವಳಿಗೆ
ಹಲಗೆಯಾದರೂ ಒಂದೇ ಇರಲಿ ಅನಿಸಿತು.

ಅಷ್ಟರಲ್ಲಿ ಹಿಂದಿನಿಂದ ಬಂದು
ಬೆನ್ನಿಗೆ ಕೈಯಿಟ್ಟು ತಳ್ಳಿಯೇಬಿಟ್ಟಳು!
ಬೀಳದಿರಲೆಂದು ಬಲಗಾಲು ತಾನಾಗಿ ಮುಂದಕ್ಕೆ ಹಾರಿತು.
"ನೋಡಿ, ನೀವು ಬಲಗಾಲಿನವರು."
ಐವತ್ನಾಲ್ಕು ವರ್ಷ, ಇಬ್ಬರು ಗಂಡಂದಿರು,
ಲೆಕ್ಕವಿಲ್ಲದಷ್ಟು ಹೊಸ್ತಿಲು.
ಯಾವ ಕಾಲು ಮೊದಲು ಅಂತ
ನನಗೇ ಗೊತ್ತಿರಲಿಲ್ಲ.

ಹಲಗೆ ಮಗುಚಿ, ಅಚ್ಚಿನ ನಟ್ಟಿಗೆ ಸ್ಪ್ಯಾನರ್ ಹಾಕಿದಳು.
ತಡೆ, ನನಗೆ ಕೊಡು, ಅಂದೆ.
ಬಿಗಿದರೆ ನೆಟ್ಟಗೆ ಓಡುತ್ತೆ, ವಾಲುವುದಿಲ್ಲ.
ಸಡಿಲಿಸಿದರೆ ವಾಲುತ್ತೆ, ಇಳಿಜಾರಿನಲ್ಲಿ ನಡುಗುತ್ತೆ.
ಇದು ನನ್ನ ಕೆಲಸವಲ್ಲವೇ, ಇಷ್ಟು ವರ್ಷ ಮಾಡಿದ್ದು?
ಕಿವಿ ಬಗ್ಗಿಸಿದೆ. ಕಾಲು ಸುತ್ತು.
ಇನ್ನೊಂದು ಕೂದಲೆಳೆಯಷ್ಟು.

ಇವತ್ತು ಭಾನುವಾರ. ಗಾಳಿ ದಕ್ಷಿಣದಿಂದ.
ಎಡ ಕಂಕುಳಲ್ಲಿ ಬಿಸಿನೀರಿನ ಫ್ಲಾಸ್ಕು
(ಈ ಊರಲ್ಲಿ ಅದಿಲ್ಲದೆ ಹೊರಟರೆ ಬೆತ್ತಲೆ ಹೊರಟ ಹಾಗೆ),
ಬಲಗಾಲು ಮುಂದೆ.
ಹಿಮ್ಮಡಿ ಒತ್ತಿದೆ, ನೀರು ಹತ್ತಿರ ಬಂತು.
ಬೆರಳೊತ್ತಿದೆ, ಮನೆಗಳ ಸಾಲು.
ಮತ್ತೆ ನೀರು.
ದೊಡ್ಡ ತಿರುವಿನಲ್ಲಿ ಮಾತ್ರ ಹಲಗೆ ಹಟ ಹಿಡಿಯಿತು,
ಹುಲ್ಲಿನ ಮೇಲೆ ಕುಪ್ಪಳಿಸಿ ಇಳಿದೆ. ಫ್ಲಾಸ್ಕು ಉಳಿಯಿತು.

ಗಾಳ ಹಾಕಿ ಕೂತಿದ್ದ ಮುದುಕ ತಿರುಗಿ ನೋಡಿ
"ಎಷ್ಟು ಕೊಟ್ಟೆ ಅದಕ್ಕೆ?" ಅಂದ.
ಅರ್ಧ ಬೆಲೆ ಹೇಳಿದೆ.
"ಆದರೂ ಜಾಸ್ತಿ," ಅಂದ.

ಅವನ ಪಕ್ಕದಲ್ಲೇ ಕಲ್ಲಿನ ಮೇಲೆ ಕೂತು
ನಟ್ಟನ್ನು ಇನ್ನೊಂದು ಕಾಲು ಸುತ್ತು ಸಡಿಲಿಸಿದೆ.
ಅತಿಯಾಯಿತೇನೋ.
ಸ್ಪ್ಯಾನರ್ ಜೇಬಿನಲ್ಲಿದೆ.