ಸಂಪುಟ ಒಂದು, ಸಂಚಿಕೆ ಒಂದು

ಹೆಸರಿಗೇ ಮೂರು ದಿನ ಹಿಡಿಯಿತು.
ಕೊನೆಗೆ ತಬಸ್ಸುಮ್ ಇಟ್ಟದ್ದು: ‘ತಣ್ಣೀರು ವಾರ್ತೆ’.
ತಣ್ಣೀರುಹಳ್ಳದ ಮೇಲಾಣೆ, ಅದರಲ್ಲಿ ವ್ಯಂಗ್ಯ ಇರಲಿಲ್ಲ.
"ನಿಜದಂತೆ ಇರಬೇಕು" ಅಂದಿದ್ದರು ಮೇಡಂ,
"ನಿಜವೇ ಆಗಬೇಕಿಲ್ಲ. ಇಪ್ಪತ್ತು ಅಂಕ."

ನಾಲ್ಕು ಪುಟ. ನುಡಿ ಅಕ್ಷರ.
ಅರ್ಕಾವತ್ತು ಎರಡು ಕಡೆ ಹಾರಿ
ಪಕ್ಕದ ಕಾಲಮ್ಮಿಗೆ ಬಿದ್ದಿತ್ತು.
ಜವರೇಶ ಒಬ್ಬನನ್ನು ಸಾಯಿಸಿದ;
ಶ್ರದ್ಧಾಂಜಲಿ ಇಲ್ಲದ ಪತ್ರಿಕೆಯನ್ನು ಯಾರು ನಂಬುತ್ತಾರೆ?
ಫೋಟೋ ಯಾರೂ ಕೊಡಲಿಲ್ಲ.
ತನ್ನದೇ ಹಾಲ್ ಟಿಕೆಟ್ಟಿನ ಮುಖಕ್ಕೆ ಮೀಸೆ ಬರೆದು,
ನಲವತ್ತು ವರ್ಷ ಕೂಡಿಸಿ,
‘ನೀವು ನಮ್ಮನ್ನಗಲಿ ಇಂದಿಗೆ ಒಂದು ವರ್ಷ’ ಎಂದು ಹಾಕಿದ.
ಆಮೇಲೆ ಎರಡು ದಿನ ಅವನಿಗೆ ಊಟ ಸೇರಲಿಲ್ಲ.

ಪೇಟೆ ಧಾರಣೆಯ ಹತ್ತಿರ ಎಲ್ಲರೂ ನಿಂತೆವು.
"ಆಲೂಗಡ್ಡೆ ರೇಟು ಮಾತ್ರ ಸುಳ್ಳು ಬರೀಬೇಡ್ರೋ,
ನಮ್ಮಪ್ಪ ಚೀಲ ಹೊಲಿದು ಆಟೋ ಹತ್ತಿಸಿಬಿಡ್ತಾನೆ"
ಅಂದ ಲೋಹಿತ. ಅಲ್ಲಿ ಚುಕ್ಕಿ ಹಾಕಿ ಬಿಟ್ಟೆವು.
ಹವಾಮಾನಕ್ಕೆ ಮೋಡ ಕವಿದ ವಾತಾವರಣ;
ಹಾಸನದಲ್ಲಿ ಅದು ಯಾವತ್ತಾದರೂ ಸರಿಹೋಗುತ್ತೆ.
ಇಲ್ಲದ ಅಂಗಡಿಯ ಇಲ್ಲದ ಸೀರೆಗೆ
ಮೂವತ್ತು ಪರ್ಸೆಂಟ್ ಕಡಿತ.

ಎರಡನೇ ಪುಟದ ಕೆಳಗೆ
ಕಿರುಬೆರಳಿನಷ್ಟು ಜಾಗ ಉಳಿದಿತ್ತು.
ನಾನು ತುಂಬಿದೆ, ಮೂರೇ ನಿಮಿಷ, ಒಂದು ಬೆರಳಿನಲ್ಲಿ ಕುಟ್ಟಿ:
ಪೆನ್ಷನ್ ಮೊಹಲ್ಲದ ಮೂರನೇ ಅಡ್ಡರಸ್ತೆಗೆ
ಗುರುವಾರದಿಂದ ಪ್ರತಿದಿನ ಬೆಳಗ್ಗೆ ಆರಕ್ಕೆ ನೀರು.
ನಾಗರಿಕರು ಸಹಕರಿಸಬೇಕಾಗಿ ಕೋರಿದೆ.
ಆ ‘ಕೋರಿದೆ’ಯ ಬಗ್ಗೆ ನನಗೆ ಸ್ವಲ್ಪ ಹೆಮ್ಮೆ.
ಅದೊಂದು ಪದ ಸಾಕು,
ಕಚೇರಿಯ ಬಾಗಿಲು ತೆರೆದ ಸದ್ದು ಬರುತ್ತೆ.

ಆರ್.ಸಿ. ರಸ್ತೆಯ ಜೆರಾಕ್ಸಿನಲ್ಲಿ ಹನ್ನೆರಡು ಪ್ರತಿ.
ಮಾಸಲು ಕಾಗದವನ್ನೇ ಹುಡುಕಿ ತಂದಿದ್ದೆವು;
ಮೂಸಿದರೆ ಮಾತ್ರ ಗೊತ್ತಾಗುತ್ತಿತ್ತು, ಸೀಮೆಎಣ್ಣೆ ವಾಸನೆ ಇಲ್ಲ.
ಲೋಹಿತ ಮನೆಮನೆಗೆ ಪೇಪರ್ ಹಾಕುವವನು,
ನಸುಕಿನಲ್ಲೇ ಬಸ್‌ಸ್ಟ್ಯಾಂಡಿನ ಹತ್ತಿರ ಕಟ್ಟು ಬಿಚ್ಚುವವನು.
"ನೋಡೇ ಬಿಡಣ" ಅಂತ
ನಿಜದ ಐದರ ನಡುವೆ ನಮ್ಮದೊಂದು ತೂರಿಸಿ
ಅಬ್ಬಾಸಣ್ಣನ ಟೀ ಅಂಗಡಿಗೆ ಎಸೆದ, ಬುಧವಾರ.
ಯಾರೂ ನಗಲಿಲ್ಲವಂತೆ. ಅಷ್ಟೇ ಹೇಳಿದ.
ನಾವು ಚಪ್ಪಾಳೆ ತಟ್ಟಿದೆವು.

ಗುರುವಾರ, ಆರಕ್ಕೆ ಹತ್ತು ನಿಮಿಷ.
ನಾನು ಹೋದದ್ದು ಸುಮ್ಮನೆ, ಚಳಿಗೆ ಕಿವಿ ಮುಚ್ಚಿಕೊಂಡು.
ನಲ್ಲಿಯಿಂದ ಬೀದಿ ತಿರುಗುವವರೆಗೆ ಕೊಡಗಳು.
ಹಸಿರು, ಕೆಂಪು, ಪೇಂಟಿನ ಡಬ್ಬ,
ಕಿವಿ ಮುರಿದ ಒಂದು ಪ್ರೆಷರ್ ಕುಕ್ಕರು,
ಜಾಗ ಹಿಡಿಯಲು ಇಟ್ಟ ಒಂಟಿ ಚಪ್ಪಲಿ ಕೂಡ.
ಗಾರ್ಮೆಂಟ್ಸಿಗೆ ಅರ್ಧ ದಿನ ರಜೆ ಹೇಳಿ ಒಬ್ಬಾಕೆ ನಿಂತಿದ್ದಳು.
ನನ್ನ ಮೂರು ಸಾಲು
ಅಷ್ಟು ಉದ್ದವಾಗಿತ್ತು.

"ಪೇಪರ್ನಲ್ಲೇ ಹಾಕವ್ರೆ ಕಣಪ್ಪ" ಅಂದರು ಚೆಲುವಮ್ಮ,
ನಾನೇನೂ ಕೇಳದೆ. ಸೆರಗಿನ ಗಂಟಿನಿಂದ
ನಾಲ್ಕು ಮಡಿಕೆಯ ಚೂರು ಬಿಚ್ಚಿ ತೋರಿಸಿದರು.
ಗೆರೆ ತಪ್ಪದೆ ಕತ್ತರಿಸಿದ್ದರು,
ನಾವು ಪುಟ ಕಟ್ಟಿದ್ದಕ್ಕಿಂತ ನೇರವಾಗಿ.
ನಲ್ಲಿ ಒಮ್ಮೆ ಕೆಮ್ಮಿತು. ಗಾಳಿ.
ಎಲ್ಲ ಕೊಡಗಳೂ ಒಂದು ಹೆಜ್ಜೆ ಮುಂದೆ ಬಂದವು.

ತಿದ್ದುಪಡಿ ಎಂಬ ಪುಟ್ಟ ಚೌಕದ ಬಗ್ಗೆ
ಮೇಡಂ ಒಂದಿಡೀ ತರಗತಿ ಹೇಳಿದ್ದರು:
ಯಾವ ಪುಟ, ಎಷ್ಟು ಅಗಲ, ‘ವಿಷಾದಿಸುತ್ತೇವೆ’ ಎಲ್ಲಿ ಬರಬೇಕು.
ಎರಡನೇ ಸಂಚಿಕೆ ಇಲ್ಲದವರು ಅದನ್ನು ಎಲ್ಲಿ ಹಾಕುವುದು,
ಅವರು ಹೇಳಲಿಲ್ಲ, ನಾವೂ ಕೇಳಿರಲಿಲ್ಲ.
(ಹದಿನೆಂಟು ಬಂತು ಆಮೇಲೆ. ಎರಡು ಅರ್ಕಾವತ್ತಿಗೆ ಹೋಯಿತು.
ನನ್ನ ಮೂರು ಸಾಲಿನ ಪಕ್ಕ ಕೆಂಪು ಶಾಯಿ: ‘ತುಂಬಾ ಸಹಜ’.)

ಬಾಯಿ ತೆರೆದೆ. "ಅಮ್ಮಾ, ಅದು..."
"ನಿಮ್ಮನೇಲೂ ಇಲ್ವಾ?" ಎಂದು
ತಮ್ಮ ಕೊಡವನ್ನು ಗೇಣಷ್ಟು ಸರಿಸಿ
ಚೆಲುವಮ್ಮ ನನಗೂ ಜಾಗ ಮಾಡಿದರು.