ಯಾರೂ ತೂಗದ ಉಪ್ಪು

ಭಾಷಣ ಮುಗಿಯಿತೇ, ಪೇಷನ್ಸ್? ಬಾ, ಕೂರು.
ತೋಪು ಹಾರಿಸಿದ್ದು ನನ್ನ ಕಿವುಡು ಕಿವಿಗೂ ಬಿತ್ತು,
ಕಿಟಕಿಯ ಗಾಜು ಹೇಳಿತು.
ಈ ವರ್ಷ ಎಷ್ಟು ಹೆಸರು ಓದಿದರು?
ದೊರೆಯದು, ದಂಡನಾಯಕರದು, ಹಡಗುಗಳದ್ದು ಕೂಡ.
ಹಡಗಿಗೂ ಒಂದು ಹೆಸರಿರುತ್ತದೆ, ನೋಡು.

ಅವರು ಬಂದಿಳಿದಾಗ ನ್ಯೂಪೋರ್ಟಿನಲ್ಲಿ ಮರವೇ ಇರಲಿಲ್ಲ.
ಮೂರು ಚಳಿಗಾಲ ಇಲ್ಲಿ ಕೂತ ಇಂಗ್ಲಿಷ್ ದಂಡು
ಬೇಲಿ ಉರಿಸಿತ್ತು, ಕಟ್ಟೆಯ ಹಲಗೆ ಉರಿಸಿತ್ತು,
ಪಕ್ಕದ ಮನೆಯ ತೊಲೆ ಕಿತ್ತು ಕೈ ಕಾಯಿಸಿಕೊಂಡಿತ್ತು.
ಫ್ರೆಂಚರೆಂದರೆ ಕಪ್ಪೆ ತಿನ್ನುವವರು ಎಂದು ಪಾದ್ರಿ ಹೆದರಿಸಿದ್ದ.
ಅಗುಳಿ ಹಾಕಿ ಬಾಗಿಲ ಸಂದಿಯಲ್ಲಿ ಕಣ್ಣಿಟ್ಟೆ:
ಬಿಳಿ ಕೋಟು, ಬಿಳಿ ಕೋಟು, ಬೀದಿ ತುಂಬ ಬಿಳಿ ಕೋಟು.
ಯುದ್ಧಕ್ಕೆ ಬಿಳಿ ತೊಟ್ಟು ಬಂದವರನ್ನು ಕಂಡು
ನನಗೆ ಮೊದಲು ಹೊಳೆದದ್ದು ಇಷ್ಟೇ:
ಇದನ್ನೆಲ್ಲ ಒಗೆಯುವವರು ಯಾರು?

ನಾನೇ.
ನಾನು, ಮತ್ತು ಕ್ಯಾಪ್ಟನ್ ಲಾಟನ್ ಮನೆಯ ಆಳು ವೈಲೆಟ್.
ಬೂದಿನೀರು, ಕೊಬ್ಬಿನ ಸಾಬೂನು, ಮೇಲೆ ಸುಣ್ಣಮಣ್ಣಿನ ಲೇಪ.
ಬುಟ್ಟಿ ಬಟ್ಟೆಗೆ ಒಂದು ಬೆಳ್ಳಿ. ಬೆಳ್ಳಿ ಕಣೇ!
ನಮ್ಮ ಕಾಂಗ್ರೆಸ್ಸಿನ ಕಾಗದದ ದುಡ್ಡು ಅಂಟಿಸಿ
ನಾನು ಗೋಡೆಯ ಬಿರುಕು ಮುಚ್ಚಿದ್ದ ಕಾಲ.
ನಾಣ್ಯ ಕಚ್ಚಿದೆ. ಹಲ್ಲು ನೊಂದಿತು. ನಕ್ಕುಬಿಟ್ಟೆ.
ವೈಲೆಟ್ ಕಚ್ಚಲಿಲ್ಲ.
ಅವಳ ಅಂಗೈಯಲ್ಲಿ ಅದು ಉಳಿಯುತ್ತಿದ್ದದ್ದು
ಲಾಟನ್ನರ ಹಿತ್ತಲ ಬಾಗಿಲ ತನಕ ಮಾತ್ರ.

ಫಿರ್ಮಾಂ ಎಂದೊಬ್ಬ, ಪಿಕಾರ್ಡಿಯ ಕಡೆಯವನು.
ಇಪ್ಪತ್ತು ತುಂಬಿತ್ತೋ ಇಲ್ಲವೋ; ಟೋಪಿ ನಿಂತದ್ದೇ ಕಿವಿಗಳ ಮೇಲೆ.
ಮೆಹಿಟಬೆಲ್ ಎಂಬ ನನ್ನ ಹೆಸರು
ಅವನ ಬಾಯಲ್ಲಿ ಒಡೆದ ಬಿಸ್ಕತ್ತು.
ಕೇಳದೆಯೇ ನೀರು ಹೊತ್ತು ಕೊಡುತ್ತಿದ್ದ.

ಒಂದು ಆಗಸ್ಟ್ ಮಧ್ಯಾಹ್ನ, ಇಳಿತದ ಹೊತ್ತು,
ಬಂಡೆಗಳ ಮೇಲೆ ದುಪ್ಪಟಿ ಹರವುತ್ತಿದ್ದೆವು.
ಕಲ್ಲಿನ ಕುಳಿಯಲ್ಲಿ ಸಮುದ್ರ ಒಣಗಿ
ಬಿಳಿ ಪುಡಿ ಬಿಟ್ಟುಹೋಗಿತ್ತು.
ಬೆರಳು ಒತ್ತಿದ. ನೆಕ್ಕಿದ.
ತಟ್ಟನೆ ತಿರುಗಿ ದಾರಿಯ ಕಡೆ ನೋಡಿದ,
ಕಳ್ಳನ ಹಾಗೆ.

ಆಮೇಲೆ ಹೇಳಿದ, ಮೂವತ್ತು ಮಾತು ಮತ್ತು ಎರಡು ಕೈಗಳಲ್ಲಿ:
ಅವನ ಸೀಮೆಯಲ್ಲಿ ಉಪ್ಪು ರಾಜನದು.
ಎಂಟು ವರ್ಷ ದಾಟಿದ ಪ್ರತಿ ತಲೆಯೂ
ರಾಜನ ಕಣಜದಲ್ಲಿ, ರಾಜ ಹೇಳಿದ ಬೆಲೆಗೆ,
ರಾಜ ಹೇಳಿದಷ್ಟು ಕೊಳ್ಳಬೇಕು.
ಅಪ್ಪ ಒಂದು ರಾತ್ರಿ ಚೀಲ ಹೊತ್ತು ಸಿಕ್ಕಿಬಿದ್ದ;
ಬ್ರೆಸ್ಟ್ ಬಂದರಿನ ಸಂಕೋಲೆಗೆ ಹೋದ.
ಅದೇ ಬಂದರಿನಲ್ಲಿ ಮಗ ಹಡಗು ಹತ್ತಿದ,
ಹಗ್ಗ ಎಳೆಯುವ ಕೈದಿಗಳ ಸಾಲಿನಲ್ಲಿ
ಒಂದೊಂದೇ ಮುಖ ಹುಡುಕುತ್ತ.
ಸಿಪಾಯಿಯನ್ನು ರಾಜನ ಉಪ್ಪು ತಿಂದವನು ಎನ್ನುತ್ತಾರೆ.
ಇವನು ದುಡ್ಡು ಕೊಟ್ಟು ತಿಂದಿದ್ದ.

"ನೀವು ಚಹಾಕ್ಕೆ..." ಎಂದು ಶುರು ಮಾಡಿದ.
ಮಾತು ಸಿಗಲಿಲ್ಲವೋ, ಬೇಡವೆನಿಸಿತೋ,
ನಕ್ಕು, ಕರವಸ್ತ್ರ ಬಿಚ್ಚಿ, ಕುಳಿ ಕುಳಿ ಕೆರೆದು ತುಂಬಿಕೊಂಡ.
ವೈಲೆಟ್ ದುಪ್ಪಟಿ ಹಿಂಡುತ್ತಲೇ ಕೇಳಿದಳು:
"ನನಗೋಸ್ಕರ ಯಾವ ದೇಶದ ಹಡಗು ಬರುತ್ತದೆ?"
ಅವನಿಗೆ ಅರ್ಥವಾಗಲಿಲ್ಲ.
ನನಗೆ ಅರ್ಥವಾಯಿತು.
ದುಪ್ಪಟಿಯ ಇನ್ನೊಂದು ತುದಿ ಹಿಡಿದುಕೊಂಡೆ, ಅಷ್ಟೇ.

ಮರುವರ್ಷ ಜೂನಿನಲ್ಲಿ ದಂಡು ನಡೆಯಿತು, ದಕ್ಷಿಣಕ್ಕೆ.
ಅಕ್ಟೋಬರಿನಲ್ಲಿ ವರ್ಜೀನಿಯಾದ ಕಂದಕಗಳಲ್ಲಿ ಗೆಲುವು;
ಸುದ್ದಿ ಬಂದ ದಿನ ಗಂಟೆ ಬಾರಿಸಿ ಬಾರಿಸಿ ಹಗ್ಗ ಹರಿಯಿತು.
ಸತ್ತವರ ಪಟ್ಟಿ ಎಂಬುದಿದ್ದರೆ
ಅದು ಒಗೆಯುವವರ ಮನೆಗೆ ಬರುವುದಿಲ್ಲ.
ಬದುಕಿ ಊರು ಸೇರಿದನೋ ಏನೋ.
ಹಾಗಂದುಕೊಂಡೇ ಇದ್ದೇನೆ.

ಅವನ ಒಂದು ಅಂಗಿ ನನ್ನಲ್ಲೇ ಉಳಿಯಿತು.
ಹರಿದು ನಿನ್ನಮ್ಮನ ತೊಟ್ಟಿಲಿಗೆ ಹಾಸಿದೆ.
ಅಂಗಿಯೊಳಗೆ ಸುತ್ತಿಟ್ಟಿದ್ದ ಗಂಟು ಇದು.
ಮರೆತನೋ, ಬಿಟ್ಟನೋ.

ಫ್ರಾನ್ಸಿಗೆ ಎಷ್ಟು ಕೋಟಿ ಸಾಲವಿತ್ತೆಂದು
ನಿಮ್ಮ ಶಾಲೆಯಲ್ಲಿ ಲೆಕ್ಕ ಹಾಕಿಸಿದರಂತೆ.
ತೀರಿತಂತೆ ಕೂಡ. ಒಳ್ಳೆಯದು.
ಇದನ್ನು ಮಾತ್ರ ನಾನು ತಕ್ಕಡಿಗೆ ಹಾಕಿಲ್ಲ,
ಅಡುಗೆಗೂ ಹಾಕಿಲ್ಲ.

ಆ ಕಿಟಕಿ ಮುಚ್ಚು, ಮಗೂ.
ಕಡಲ ಮಂಜು ಒಳಗೆ ಬರುತ್ತಿದೆ,
ಉಪ್ಪು ಬೆವರುತ್ತದೆ.